ರೈನೊನ ಮುಖ, ಯಾರದ್ದೋ ಧ್ವನಿ

ಕೊಲ್ಲಿ ದೇಶದ ಮರಳುಗಾಡಿನ ರುವೈಸ್‌ನ ಬೇಸಿಗೆಯಲ್ಲಿ ಇನ್ನಷ್ಟು ಬೆವರಲೆಂದೇ ಕೋಣೆ ಕಟ್ಟಿಕೊಂಡ ಮನುಷ್ಯ ರೈನೊ. ಕಂಪನಿ ಮನೆಯ ಹಿತ್ತಲಲ್ಲಿ ಹಲಗೆಯ ಗೂಡು, ಒಳಗೆ ಕಾದ ಕಲ್ಲು. ಅದರ ಮೇಲೆ ನೀರು ಚಿಮುಕಿಸಿ, ಬೇವಿನ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಡಿದುಕೊಳ್ಳುತ್ತಿದ್ದ. ಅವನ ಊರಲ್ಲಾದರೆ ಬರ್ಚ್ ಸೊಪ್ಪಂತೆ.

"ಹೊರಗಿಪ್ಪುದು ಬರೀ ಸೆಕೆ. ಇದ್ ಸೌನಾ ಮಾರಾಯಾ!"

ಊರು ಅಮೆರಿಕದ ಮಿಷಿಗನ್ನಿನ ಉತ್ತರದ ತುದಿ. ಅಜ್ಜ ಫಿನ್‌ಲ್ಯಾಂಡಿನಿಂದ ಅಲ್ಲಿನ ತಾಮ್ರದ ಗಣಿಗೆ ಬಂದವನು, ಅಜ್ಜಿ ಸ್ವೀಡನ್ನಿನವಳು. ಅವರ ನಾಲಿಗೆಯ ಏರಿಳಿತವೆಲ್ಲ ಮೊಮ್ಮಗನ ಇಂಗ್ಲಿಷಿನಲ್ಲಿತ್ತು. ಮಾತಿನ ಬಾಲಕ್ಕೊಂದು "ಎಹ್", ಅಚ್ಚರಿಗೂ ಸಿಟ್ಟಿಗೂ ಒಂದೇ "ಹೋಲಿ ವಾ!" ಬೇರೆ ಅಮೆರಿಕನ್ನರೇ ಅಣಕಿಸುತ್ತಿದ್ದರು. ನನ್ನ ಕಿವಿಗೆ ಅದು ನಮ್ಮ ಕುಂದಾಪುರದ ಕನ್ನಡ. ಅವನ ಮಾತನ್ನು ಹಾಗೆಯೇ ಬರೆಯುತ್ತಿದ್ದೇನೆ, ಬೇರೆ ರೀತಿ ನೆನಪಿಲ್ಲ.

ಗ್ಯಾಸ್ ಪ್ಲಾಂಟಿನ ಕೆಲಸಗಾರರಿಗೆ ಅವನು ಸೇಫ್ಟಿ ಪಾಠ ಮಾಡುತ್ತಿದ್ದ, ನಾನು ಸಹಾಯಕ.

"ಹ್ವಾಯ್, ಗ್ಯಾಸ್ ವಾಸ್ನಿ ಬಂದ್ ಕೂಡ್ಲೆ ಓಡುದಲ್ಲ! ಗಾಳಿ ಎಲ್ಲಿಂದ ಬತ್ತ್ ಕಾಣಿ, ಆಮೇಲ್ ಓಡಿ, ಅಲ್ದಾ?"

ಭಟ್ಕಳದವರು, ಪೇಶಾವರದವರು ನಗುನಗುತ್ತಲೇ ಕಲಿತರು.

ಕಂಪನಿ ಆ ಪಾಠವನ್ನು ವಿಡಿಯೋ ಮಾಡಿಸಿತು. ಅಬುಧಾಬಿಯ ಆಫೀಸಿನಲ್ಲಿ ತೋರಿಸಿದ ದಿನ ನಾವಿಬ್ಬರೂ ಹೋಗಿದ್ದೆವು. ಪರದೆಯ ಮೇಲೆ ರೈನೊನ ಮುಖ. ಬಾಯಿಂದ ಯಾರದ್ದೋ ನುಣುಪು ಇಂಗ್ಲಿಷ್! ಟ್ರೇನಿಂಗ್ ಮ್ಯಾನೇಜರ್, ಬೆಂಗಳೂರಿನವರೇ, ನನ್ನ ಕಡೆ ವಾಲಿದರು.

"ಇವ್ರ ಮಾತು ನಿಮ್ ಕುಂದಾಪುರದವ್ರ ಥರಾನೇ, ಕೇಳೋಕೆ ಕ್ಯೂಟು. ಪ್ರೊಫೆಷನಲ್ ಅಲ್ಲ ನೋಡಿ. ಡಬ್ ಮಾಡಿಸ್ಬಿಟ್ವಿ."

ರೈನೊ ಎದ್ದು ನಿಂತ.

"ಮುಖ ಇಟ್ಕಂಡ್, ನಾಲ್ಗಿ ಬಿಸಾಡ್ದ್ರಿ. ಹಾಂಗಾರೆ ಮುಖವೂ ತೆಗ್ದ್ ಬಿಡಿ."

ತೆಗೆಯಲಿಲ್ಲ. ಅವನು ಕೆಲಸ ಬಿಟ್ಟ. ಹೊರಡುವ ದಿನ ಸೌನಾದ ಹಲಗೆಗಳನ್ನು ತಾನೇ ಕಿತ್ತು ಗೋಡೆಗೆ ಒರಗಿಸಿದ. ಕೈ ಕುಲುಕಿದೆನೋ, ಇಲ್ಲವೋ. ಕುಲುಕಿದೆ ಎಂದು ಬರೆದರೆ ಚೆಂದ. ಆ ಚೆಂದದ ಮೇಲೆ ನನಗೆ ನಂಬಿಕೆಯಿಲ್ಲ.

ಈಗಲೂ ಹೊಸಬರಿಗೆ ಆ ವಿಡಿಯೋ ಹಾಕುವವನು ನಾನೇ. ಜನ ತೂಕಡಿಸುತ್ತಾರೆ. ಅದಕ್ಕಿಂತ ಹೆಚ್ಚು ಸಿಟ್ಟು ಬರುವುದು ಇದಕ್ಕೆ: ರೈನೊನ ಧ್ವನಿ ನೆನೆಯಹೊರಟರೆ ಆ ನುಣುಪು ಧ್ವನಿಯೇ ಮುಂದೆ ಬಂದು ನಿಲ್ಲುತ್ತದೆ. ನನ್ನ ತಲೆಯೊಳಗೂ ಡಬ್ ಮಾಡಿಬಿಟ್ಟಿದ್ದಾರೆ!

ಒಂದು ಕಡೆ ಮಾತ್ರ ಸೋತಿದ್ದಾರೆ. ನಡುವೆ ಅವನು "ಹೋಲಿ ವಾ" ಎನ್ನುವಲ್ಲಿ ಏನು ಹಾಕುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದಾರೆ. ಬಾಯಿ ಅಗಲವಾಗಿ ತೆರೆಯುತ್ತದೆ, ಮುಚ್ಚುತ್ತದೆ. ಸದ್ದಿಲ್ಲ.

ಅಲ್ಲಿಗೆ ಬಂದಾಗ ಹಿಂದಿನಿಂದ ನಾನು "ಹೋಲಿ ವಾ!" ಎಂದು ಕೂಗುತ್ತೇನೆ. ತೂಕಡಿಸುವವರು ಬೆಚ್ಚಿ ತಿರುಗುತ್ತಾರೆ.