ಜಯಲಕ್ಷ್ಮಿಯ ಪೆಟ್ಟಿಗೆ

ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಕಣ್ಣಾರೆ ಕಂಡದ್ದು, ಹೇಳುತ್ತಿದ್ದೇನೆ.

ನಾನು ಮದ್ದೂರು ತಾಲೂಕಿನ ಕೊಪ್ಪದ ಕಡೆಯ ಸೂಲಗಿತ್ತಿ. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಹೋಗಲೇಬೇಕು. ಆವತ್ತು ರಾತ್ರಿ ಪಕ್ಕದ ಮನೆಯ ಸಾಕಮ್ಮನ ಸೊಸೆ ಪವಿತ್ರಳಿಗೆ ದಿನಕ್ಕೆ ಮೊದಲೇ ನೋವು ಬಂತು. ಮಗು ಕುಂಡಿ ಕೆಳಗಾಗಿ ಕೂತಿದೆ, ಆಪರೇಷನ್ನೇ ಆಗಬೇಕು ಎಂದು ಮದ್ದೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ಆಂಬುಲೆನ್ಸ್ ಹೊರಟಿತ್ತು. ಆದರೆ ನಾಲೆ ಏರಿಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ದಾರಿ ಮುಚ್ಚಿಹೋಗಿತ್ತು. ಪವಿತ್ರಳ ಗಂಡ ಅತ್ತ ಓಡಿದ್ದ. ಕರೆಂಟಿಲ್ಲ.

ಹೊಟ್ಟೆ ಮುಟ್ಟಿದೆ. ತಲೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಕೂತಿತ್ತು. ಹರಳೆಣ್ಣೆ ಸವರಿ, ನೋವು ಬಿಟ್ಟಾಗ ಮೆಲ್ಲಗೆ ಒತ್ತಿದೆ. ಚೂರು ಜರುಗುತ್ತಿತ್ತು... ಮತ್ತೆ ಅಲ್ಲಿಗೇ. ಇನ್ನೂ ಒತ್ತಿದರೆ ಇಬ್ಬರೂ ಉಳಿಯುವುದಿಲ್ಲ. ಕೈ ತೆಗೆದೆ.

“ಅಜ್ಜಿ, ನನ್ ಬುಟ್ಬುಡಿ, ಮಗೀನ್ ಉಳ್ಸಿ,” ಎಂದಳು ಪವಿತ್ರ.

“ಸುಮ್ನೆ ಉಸ್ರು ಬುಡು ಕಣಮ್ಮಿ. ಸಾಯಾದು ಆಮೇಕ್ ನೋಡ್ಕಳವ.”

ನಮ್ಮಲ್ಲಿ ಹೆರಿಗೆ ತಡೆದರೆ ಮನೆಯ ಬೀಗ, ಗಂಟು ಎಲ್ಲ ಬಿಚ್ಚುತ್ತಾರೆ. ಸಾಕಮ್ಮ ಬೀರು ತೆರೆದಳು, ಹಸುವಿನ ಹಗ್ಗ ಬಿಚ್ಚಿದಳು, ನನ್ನ ತುರುಬನ್ನೂ ಬಿಚ್ಚಿಸಿದಳು. ಒಂದು ತಗಡಿನ ಪೆಟ್ಟಿಗೆ ಮಾತ್ರ ಉಳಿಯಿತು. ಅವಳ ಮಗನ ಮೊದಲ ಹೆಂಡತಿ ಜಯಲಕ್ಷ್ಮಿಯದು. ಇಂಥದೇ ಹೆರಿಗೆಯಲ್ಲಿ, ಆಸ್ಪತ್ರೆಯಲ್ಲಿ, ಮಗುವಿನ ಸಮೇತ ಹೋದವಳು.

“ಅದುನ್ನೂ ತಗಿಯೇ,” ಎಂದೆ.

“ಬ್ಯಾಡ ಕಣಕ್ಕ. ಅವ್ಳು ಅದ್ರೊಳ್ಗವ್ಳೆ ಅನ್ಸ್ತದೆ ನಂಗೆ.”

“ಇಲ್ಲೊಬ್ಳು ಓಯ್ತಾವ್ಳೆ ಕಣೇ! ತಗಿ!”

ಸಾಕಮ್ಮ ಬೀಗ ತೆಗೆದಳು. ಮುಚ್ಚಳ ಕಿರ್ರೆಂದಿತು. ಹಳೇ ಸೀರೆಯ ಮುಗ್ಗಲು ವಾಸನೆ ಬರಬೇಕಿತ್ತು... ಬಂದದ್ದು ಫಿನಾಯಿಲ್ ವಾಸನೆ. ಆಸ್ಪತ್ರೆಯ ವಾಸನೆ.

ಪವಿತ್ರ ಒಮ್ಮೆಲೇ ಸುಮ್ಮನಾದಳು.

ಮೊಬೈಲ್ ಬೆಳಕು ಅವಳ ಹೊಟ್ಟೆಯ ಮೇಲಿತ್ತು. ನನ್ನ ಎರಡೂ ಕೈ ನನ್ನ ಮಡಿಲಲ್ಲಿದ್ದವು. ಎಣ್ಣೆ ಸವರಿದ ಚರ್ಮದಲ್ಲಿ ಗುಳಿ ಬಿತ್ತು. ಒಂದು... ಪಕ್ಕದಲ್ಲಿ ಇನ್ನೊಂದು... ಬೆರಳೂರಿದ ಹಾಗೆ. ಮೇಲಿನ ಉಬ್ಬು ನಿಧಾನವಾಗಿ ಪಕ್ಕಕ್ಕೆ ಸರಿದು, ಕೆಳಗಿಳಿಯಿತು.

“ಅಜ್ಜಿ,” ಎಂದಳು ಪವಿತ್ರ, ಕಣ್ಣು ಮುಚ್ಚಿಕೊಂಡೇ. “ನಿಮ್ ಕೈ ಯಾಕಿಷ್ಟ್ ತಣ್ಗದೆ?”

ಮಡಿಲಲ್ಲಿದ್ದ ಕೈಗಳನ್ನು ನಾನು ಸೆರಗಿನಲ್ಲಿ ಸುತ್ತಿಕೊಂಡೆ.

ಆಂಬುಲೆನ್ಸ್ ಬಂತು. ಮಗು ಆಸ್ಪತ್ರೆಯಲ್ಲಿ ತಲೆ ಮುಂದಾಗಿಯೇ ಹುಟ್ಟಿತು. ಹೆಣ್ಣು. ಕೆಲವು ಸಲ ತಾನಾಗಿಯೇ ತಿರುಗುತ್ತದೆ ಎಂದರು ಡಾಕ್ಟರಮ್ಮ. ಇರಬಹುದು.

ಸಾಕಮ್ಮ ಈಗಲೂ ನನ್ನನ್ನು ಪಿಸುದನಿಯಲ್ಲಿ ಕೇಳುತ್ತಾಳೆ, “ಅಕ್ಕ, ಬೀಗ ಆಕ್ಲಾ?”

ಹಾಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ಜಯಲಕ್ಷ್ಮಿ ಪೆಟ್ಟಿಗೆಯೊಳಗೆ ಹೋಗಿದ್ದಾಳೋ, ಇನ್ನೂ ತೊಟ್ಟಿಲ ಪಕ್ಕದಲ್ಲೇ ಕೂತಿದ್ದಾಳೋ...