ಹಾಳೆ ತಿರುಗಿಸುವ ಕೈಗೆ ಬಿಟ್ಟ ಜಾಗ

ಬೆಳಗಿನ ಐದೂವರೆ. ಮೈಸೂರಿನ ಕೆಸರೆಯ ಆ ಓಣಿಯಲ್ಲಿ ಹಾಲಿನವರಿಗಿಂತ ಮೊದಲು ಏಳುವ ಮನೆ ಇದೊಂದೇ. ಊಟದ ಮೇಜಿನ ಅಂಚಿಗೆ ನಾಲ್ಕಡಿ ಉದ್ದದ ಕಾಗದದ ಪಟ್ಟಿ ಅಂಟಿಸಿದೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಪಿಯಾನೋದ ಎಂಬತ್ತೆಂಟು ಕೀಗಳಿವೆ. ಮನೆಯಲ್ಲಿರುವ ಪಿಯಾನೋ ಅಂದರೆ ಅದೇ.

ಪಟ್ಟಿಯ ಮುಂದೆ ಇಬ್ಬರು ಹೆಂಗಸರು ಒತ್ತಿಕೊಂಡು ಕೂತಿದ್ದಾರೆ. ಬಲಗಡೆ ನಲವತ್ತಾರು ವರ್ಷದ ಮಂಜುಶ್ರೀ, ಎಡಗಡೆ ಪಕ್ಕದ ಮನೆಯ ಪ್ರೇಮಮ್ಮ. ಪ್ರೇಮಮ್ಮ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಮಾಡುವವರು, ಆರೂಕಾಲಿಗೆ ಬಸ್ಸು ಹಿಡಿಯಬೇಕು. ಅದಕ್ಕೇ ಈ ಹೊತ್ತು. ಮೂಲೆಯ ಕಂಪ್ಯೂಟರ್ ಸಂಗೀತ ನುಡಿಸುತ್ತದೆ, ಇಬ್ಬರೂ ಕಾಗದದ ಕೀಗಳ ಮೇಲೆ ಕೈಯಾಡಿಸುತ್ತಾರೆ. ಪ್ರೇಮಮ್ಮನಿಗೆ ಒಂದು ಸ್ವರವೂ ಗೊತ್ತಿಲ್ಲ. ಹಾಳೆಯಲ್ಲಿ ಕೆಂಪು ಗೆರೆ ಇರುವಷ್ಟು ಹೊತ್ತು ಕೈ ಮೇಜಿನ ಮೇಲಿರಬೇಕು, ಗೆರೆ ಮುಗಿದರೆ ಎತ್ತಬಹುದು, ಅವರಿಗೆ ಹೇಳಿಕೊಟ್ಟಿರುವುದು ಅಷ್ಟೇ. ಪುಟದ ಕೊನೆ ಬರುತ್ತದೆ. ಮಂಜುಶ್ರೀಯ ಬಲಗೈ ಮೇಲೆದ್ದು, ಹಾಳೆ ತಿರುಗಿಸಿ, ಮತ್ತೆ ಕೀ ಮೇಲೆ ಬಂದು ಕೂರುತ್ತದೆ. ತಾಳ ತಪ್ಪಲಿಲ್ಲ. ಮಂಜುಶ್ರೀ ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಸರಿ ಗುರುತು ಹಾಕುತ್ತಾರೆ.

ಒಂದೇ ಪಿಯಾನೋದಲ್ಲಿ ಇಬ್ಬರು ಕೂತು ನುಡಿಸುವ ಸಂಗೀತದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಮಂಜುಶ್ರೀಯ ಕೆಲಸ. ಎಡಪುಟ ಎಡಗಡೆ ಕೂತವರಿಗೆ, ಬಲಪುಟ ಬಲಗಡೆಯವರಿಗೆ. ಒಬ್ಬರ ಪುಟದಲ್ಲಿ ಸ್ವರಗಳು ಗಿಜಿಗುಡಬಹುದು, ಇನ್ನೊಬ್ಬರದು ಖಾಲಿ ಹೊಡೆಯಬಹುದು. ಆದರೂ ಎರಡೂ ಪುಟಗಳು ಒಂದೇ ಬಾರ್‌ಗೆ ಮುಗಿಯಬೇಕು. ಸಂಗೀತವನ್ನು ಅಳೆದು ಕತ್ತರಿಸಿದ ತುಂಡಿಗೆ ಬಾರ್ ಎನ್ನುತ್ತಾರೆ. ಜೊತೆಗೆ, ಮುಗಿಯುವ ಹೊತ್ತಿಗೆ ನಾಲ್ಕು ಕೈಗಳಲ್ಲಿ ಒಂದಾದರೂ ಬಿಡುವಾಗಿರಬೇಕು. ಇಲ್ಲದಿದ್ದರೆ ಹಾಳೆ ತಿರುಗಿಸುವುದು ಯಾರು? ಸಾಫ್ಟ್‌ವೇರ್ ಇದನ್ನೆಲ್ಲ ನೋಡುವುದಿಲ್ಲ, ಪುಟ ತುಂಬಿತೇ ಎಂದಷ್ಟೇ ನೋಡುತ್ತದೆ. "ಅದುಕ್ಕೇನು ಕೈಯಿದ್ದಾವಾ ಸಾರ್? ಕೈ ಇರೋರೇ ಕೂತ್ಕಂಡು ನೋಡ್ಬೇಕು," ಎನ್ನುತ್ತಾರೆ ಮಂಜುಶ್ರೀ.

ಈ ಗುಣ ಅಪ್ಪನಿಂದ ಬಂದದ್ದು. ಅಪ್ಪ ನಿಂಗಯ್ಯ ಹೊಲ ಬಿಟ್ಟು ಊರಿಗೆ ಬಂದು, ಅಚ್ಚುಕೂಟದಲ್ಲಿ ಮೂವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಓದುವವನು ಎಲ್ಲೂ ಎಡವಬಾರದು, ಎಡವಿದರೆ ಅದು ಜೋಡಿಸಿದವನ ತಪ್ಪು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರಂತೆ. ಮಗಳು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಸಂಗೀತದ ಮೇಷ್ಟ್ರೊಬ್ಬರು ಐದೈದು ಗೆರೆಗಳ ಮೇಲೆ ಸ್ವರ ಬರೆದ ಕೈಬರಹದ ಹಾಳೆಗಳನ್ನು ಹಿಡಿದು ಬಂದರು. ಅಂಗಡಿಯವರೆಲ್ಲ ಇದು ನಮ್ಮಿಂದಾಗದು ಎಂದು ಕೈಯೆತ್ತಿದರು. ಮಂಜುಶ್ರೀ ಹಾಳೆಗಳನ್ನು ಮನೆಗೆ ತಂದು ಆರು ತಿಂಗಳು ಅವುಗಳ ಮುಂದೆಯೇ ಕೂತರು.

ಈಗ ದಿನಕ್ಕೆ ನಾಲ್ಕು ಪುಟ, ಪುಟವೊಂದಕ್ಕೆ ಎರಡು ಗಂಟೆ. ಈವರೆಗೆ ಮೂವತ್ತೊಂದು ಪುಸ್ತಕ. ಕತ್ತು ಬಲಕ್ಕೆ ತಿರುಗುವುದಿಲ್ಲ, ಕನ್ನಡಕ ಮೂರು ಸಲ ಬದಲಾಗಿದೆ. ಆ ಮೂವತ್ತೊಂದನ್ನೂ ತಿರುವಿ ನೋಡಿ. ಸಂಗೀತ ರಚಿಸಿದವರ ಹೆಸರಿದೆ, ಸಂಪಾದಕರ ಹೆಸರಿದೆ, ಮುಖಪುಟಕ್ಕೆ ಹೂವಿನ ಫೋಟೊ ಕೊಟ್ಟವರ ಹೆಸರೂ ಇದೆ. ಮಂಜುಶ್ರೀಯ ಹೆಸರು ಒಂದರಲ್ಲೂ ಇಲ್ಲ.

ಆ ಹೆಸರು ಮೊದಲ ಸಲ ಅಚ್ಚಾಗಿದ್ದು ಕಳೆದ ವರ್ಷ. ಹೇಗೆ ಎಂದು ಕೇಳಿದರೆ ಮೈ ಉರಿಯುತ್ತದೆ.

ಬೆಂಗಳೂರಿನ ಪ್ರಕಾಶನವೊಂದಕ್ಕೆ ಮಕ್ಕಳ ಪುಸ್ತಕ ಮಾಡಿಕೊಟ್ಟಿದ್ದರು. ಅದರ ಏಳನೆಯ ಪಾಠದ ಮೊದಲೆರಡು ಪುಟಗಳ ಅಡಿಯಲ್ಲಿ ಮೂರು ಬಾರ್ ಹಿಡಿಯುವಷ್ಟು ಜಾಗ ಬಿಟ್ಟಿದ್ದರು, ಬಲಗಡೆಯ ಮಗುವಿನ ಬಲಗೈ ಅಲ್ಲಿಗೆ ಬಿಡುವಾಗುತ್ತದೆ ಎಂದು. ಸಂಪಾದಕ ಸುಂದರೇಶರ ಕಣ್ಣಿಗೆ ಆ ಬಿಳಿ ಜಾಗ ಹುಳುಕಿನಂತೆ ಕಂಡಿತು. ಒಂದು ಮಾತೂ ಕೇಳದೆ ಮುಂದಿನ ಪುಟಗಳಿಂದ ಮೂರು ಬಾರ್ ಎಳೆತಂದು ತುಂಬಿಬಿಟ್ಟರು. ಈಗ ಹಾಳೆ ತಿರುಗಿಸಬೇಕಾದ ಹೊತ್ತಿಗೆ ನಾಲ್ಕೂ ಕೈ ಕೆಲಸದಲ್ಲಿ.

ಮೈಸೂರಿನ ಸಭಾಂಗಣವೊಂದರ ಸ್ಪರ್ಧೆಯಲ್ಲಿ ತನ್ಮಯಿ, ಗಗನ ಎಂಬ ಹುಡುಗಿಯರು ಆ ಪುಸ್ತಕ ಇಟ್ಟುಕೊಂಡು ನುಡಿಸಿದರು. ಹಾಳೆಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಪುಸ್ತಕ ಕೀಗಳ ಮೇಲೆ ಬಿತ್ತು. ಮಕ್ಕಳು ಅತ್ತುಕೊಂಡು ವೇದಿಕೆ ಇಳಿದರು. ಅವರ ಶಿಕ್ಷಕಿ ಚಂದ್ರಮತಿ ಪ್ರಕಾಶನಕ್ಕೆ ಪತ್ರ ಬರೆದರು. ಸುಂದರೇಶರು ಪುಸ್ತಕ ಕೊಂಡ ಎಲ್ಲ ಶಿಕ್ಷಕರಿಗೂ ಕ್ಷಮಾಪಣೆಯ ಪತ್ರ ಅಚ್ಚು ಹಾಕಿಸಿ ಕಳಿಸಿದರು: "ಇದು ಟೈಪ್‌ಸೆಟ್ಟರ್ ಮಂಜುಶ್ರೀ ಅವರ ಅಜಾಗರೂಕತೆಯಿಂದ ಆದ ಲೋಪ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದು. ಹತ್ತು ವರ್ಷ ಒಳ್ಳೆಯದಕ್ಕೆ ನೆನಪಾಗದ ಹೆಸರು ಬೈಸಿಕೊಳ್ಳುವುದಕ್ಕೆ ಎಷ್ಟು ಬೇಗ ನೆನಪಾಯಿತು ನೋಡಿ.

ಪತ್ರದ ವಿಷಯ ತಿಳಿದ ಮೇಲೆ ಮಂಜುಶ್ರೀ ಎರಡು ದಿನ ಕಂಪ್ಯೂಟರ್ ಹಚ್ಚಲಿಲ್ಲ. ಮೂರನೆಯ ದಿನ ತಾವು ಕಳಿಸಿದ್ದ ಮೂಲ ಪುಟಗಳನ್ನು ಮುದ್ರಿಸಿಕೊಂಡು, ವಿದ್ಯಾರಣ್ಯಪುರಂನಲ್ಲಿರುವ ಚಂದ್ರಮತಿಯವರ ಮನೆ ಹುಡುಕಿಕೊಂಡು ಹೋದರು. ತಾತನ ಕಾಲದಿಂದ ಅರಮನೆಯ ಸಂಗೀತದ ಚಾಕರಿಯಲ್ಲಿದ್ದ ಮನೆತನ, ಹಜಾರದಲ್ಲಿ ಹಳೆಯ ಪಿಯಾನೋ. ಚಂದ್ರಮತಿ ಬಾಗಿಲಲ್ಲೇ ಮುಖ ಬಿಗಿದುಕೊಂಡು ನಿಂತರು. ಮಂಜುಶ್ರೀ ಜಗಳ ಆಡಲಿಲ್ಲ. ಮಕ್ಕಳು ಈ ಹಾಳೆ ಇಟ್ಟುಕೊಂಡು ಒಂದು ಸಲ ನುಡಿಸಲಿ, ಆಮೇಲೆ ಬೈಯಿರಿ ಎಂದರು.

ಪಾಠಕ್ಕೆ ಬಂದಿದ್ದ ಆ ಇಬ್ಬರು ಮಕ್ಕಳು ನುಡಿಸಿದರು. ಪುಟದ ಕೊನೆಯಲ್ಲಿ ತನ್ಮಯಿಯ ಬಲಗೈ ತಾನಾಗಿಯೇ ಎದ್ದು, ಹಾಳೆ ತಿರುಗಿಸಿ, ವಾಪಸು ಬಂತು. ತಾವು ಜೋಡಿಸಿದ ಪುಟವನ್ನು ನಿಜವಾದ ಪಿಯಾನೋದಲ್ಲಿ ಮಂಜುಶ್ರೀ ಕೇಳಿದ್ದು ಅದೇ ಮೊದಲು. ಚಂದ್ರಮತಿ ಅಚ್ಚಾದ ಪುಸ್ತಕವನ್ನೂ ಆ ಹಾಳೆಗಳನ್ನೂ ಪಕ್ಕದಲ್ಲಿಟ್ಟು ತುಂಬಾ ಹೊತ್ತು ನೋಡಿದರು. ಕೊನೆಗೆ, "ತಪ್ಪು ನಿಮ್ಮದಲ್ಲ ಕಣಮ್ಮ. ನನ್ನ ಮನಸ್ಸಲ್ಲಿ ನಿಮ್ಮನ್ನ ಬೈದಿದ್ದೆ, ಬೇಜಾರು ಮಾಡ್ಕೋಬೇಡಿ," ಎಂದರು.

ಅವರು ಪ್ರಕಾಶನಕ್ಕೆ ಮತ್ತೊಂದು ಪತ್ರ ಬರೆದರು. ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ ಎಂದು ಒಂದೇ ಸಾಲಿನ ಉತ್ತರ ಬಂತು. ತಪ್ಪು ಯಾರದೆಂಬ ಮಾತು ಅದರಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ, ಉತ್ತರ ಬರೆದವರೇ ಸುಂದರೇಶರು.

ಈಗ ಆ ಎರಡನೆಯ ಮುದ್ರಣದ ಕೆಲಸ ಬಂದಿದೆ. ಮೇಜಿನ ಮೇಲಿರುವುದು ಅದರದೇ ಪುಟಗಳು. ಮಂಜುಶ್ರೀ ಈ ಸಲ ಒಂದು ಷರತ್ತು ಹಾಕಿದ್ದಾರೆ: ಕೊನೆಯ ಪುಟದಲ್ಲಿ ತಮ್ಮ ಹೆಸರು ಇದ್ದರೆ ಮಾತ್ರ ಕೆಲಸ ಕಳಿಸುವುದು. ಅವರ ಕೆಲಸದಲ್ಲಿ ಅರ್ಧಕ್ಕರ್ಧ ಈ ಪ್ರಕಾಶನದ್ದೇ. ಪ್ರಕಾಶನದವರು ಒಲ್ಲೆವು ಎಂದರೆ ಅರ್ಧ ಕೆಲಸ ಹೋದಂತೆ, ಅದು ಅವರಿಗೆ ಚೆನ್ನಾಗಿ ಗೊತ್ತು. ಇಂಥ ಹೆಂಗಸು ಹೆಸರಿಗಾಗಿ ಷರತ್ತು ಹಾಕಬೇಕಾಗಿ ಬಂದದ್ದೇ ನಾಚಿಕೆಗೇಡು. ಅದಕ್ಕೆ ಹತ್ತು ದಿನದಿಂದ ಉತ್ತರವನ್ನೂ ಕೊಡದಿರುವುದಕ್ಕೆ ಏನನ್ನಬೇಕೋ.

ಬಸ್ಸಿಗೆ ಹೊತ್ತಾಯಿತು. ಪ್ರೇಮಮ್ಮ ಚೀಲ ಎತ್ತಿಕೊಂಡವರು ಏಳನೆಯ ಪಾಠದ ಪುಟದ ಮೇಲೆ ಬೆರಳಿಡುತ್ತಾರೆ. "ಅವರ್ನೇನ್ ಕೇಳ್ತಿಯೇ? ಈ ಅಡೀಲಿ ಇಷ್ಟ್ ಜಾಗ ಖಾಲಿ ಬಿದ್ದದೆ. ಸಣ್ಣಕ್ಷರದಲ್ಲಿ ನಿನ್ ಹೆಸರು ಸೇರಿಸ್ಬುಡು. ಯಾರ್ ನೋಡ್ತಾರೆ?"

ಮಂಜುಶ್ರೀ ನಗುತ್ತಾರೆ. ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಕ್ಲಿಪ್ ಹಾಕುತ್ತಾರೆ.

"ಅದು ನನ್ ಜಾಗ ಅಲ್ಲ ಕಣಕ್ಕ, ಹಾಳೆ ತಿರುಗ್ಸೋ ಮಗೀಗೆ ಬಿಟ್ಟಿರೋದು. ನನ್ ಹೆಸರು ಕೊನೇ ಪುಟದಲ್ಲಿ ಅವರೇ ಹಾಕ್ಲಿ. ನಾಳೆ ಎಲ್ಲಾದ್ರೂ ತಪ್ಪು ಕಂಡ್ರೆ ಯಾರ್ನ ಕೇಳ್ಬೇಕು ಅಂತ ಜನುಕ್ಕೆ ಗೊತ್ತಾಗ್ಬೇಕಲ್ಲ."