ಕೈ ಇಳ್ಸಕ್ಕನ ಕವಣೆ ಮೈದಾನ

ಸೂರ್ಯ ಏಳಲೋ ಬೇಡವೋ ಎಂದು ಇನ್ನೂ ಮಗ್ಗುಲು ಬದಲಿಸುತ್ತಿರುವಾಗಲೇ, ಹಳೇ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಒಬ್ಬ ಹೆಂಗಸು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆದಾಡುತ್ತಾರೆ. ಮಾಟವೋ ವ್ಯಾಯಾಮವೋ ಎಂದು ದಾರಿಹೋಕರಿಗೆ ಅನುಮಾನ. ಎರಡೂ ಅಲ್ಲ. ನಿನ್ನೆ ಕವಣೆಗಳಿಂದ ಹಾರಿದ ಉಕ್ಕಿನ ಗುಂಡುಗಳು ಟಣ್ ಟಣ್ ಎಂದು ಬಂದು ಅಂಟಿಕೊಳ್ಳುತ್ತವೆ. ಆಮೇಲೆ ಒಂದೊಂದೇ ಕವಣೆಯ ರಬ್ಬರ್ ಪಟ್ಟಿಯನ್ನು ಬೆಳಕಿಗೆ ಹಿಡಿದು ಎಳೆದು ನೋಡುತ್ತಾರೆ. ಕೂದಲೆಳೆಯಷ್ಟು ಬಿರುಕು ಕಂಡರೂ ಕತ್ತರಿ.

"ಇದು ಕಿತ್ಕೊಂಡ್ರೆ ಹಿಂದಕ್ಕೆ ಬಂದು ಮುಖಕ್ಕೇ ಬಾರ್ಸುತ್ತೆ. ಆಮೇಲೆ 'ಅಕ್ಕಾ, ಕಣ್ಣು' ಅಂತ ಬಂದ್ರೆ, ಕಣ್ಣು ಹೊಲಿಯೋಕೆ ನಂಗೆ ಬರಲ್ಲ."

ಮಿಕ್ಕಿದ್ದೆಲ್ಲ ಹೊಲಿಯಲು ಬರುತ್ತದೆ. ಹಗಲಿಡೀ ಸೋಫಾ ಅಂಗಡಿಯಲ್ಲಿ ಕವರು ಹೊಲಿಯುವುದೇ ಅವರ ಕಸುಬು. ಕವಣೆ ಕ್ಲಬ್ಬಿನವರು ಮೊದಲೆಲ್ಲ ಗುರಿಹಲಗೆಯನ್ನು ನೇರ ಗೋಡೆಗೇ ಮೊಳೆ ಹೊಡೆದು ಕೂರಿಸಿದ್ದರು. ಒಮ್ಮೆ ಗುಂಡು ಗೋಡೆಗೆ ತಾಗಿ ವಾಪಸ್ ಬಂದು ಹೊಡೆದವರದೇ ಕನ್ನಡಕ ಒಡೆಯಿತು. ಹಲಗೆಯ ಹಿಂದೆ ಕಟ್ಟಲು ದಪ್ಪ ಪರದೆ ಹೊಲಿದು ತಂದ ಅಕ್ಕ, ಇವರು ಅದನ್ನು ಕಟ್ಟುವ ಚೆಂದ ನೋಡಲಾರದೆ ಅಲ್ಲೇ ಉಳಿದುಬಿಟ್ಟರು. "ಬಿಗಿಯಾಗಿ ಕಟ್ಟಿದ್ರೆ ಗುಂಡು ಎಗರ್ಕೊಂಡು ಬರುತ್ತೆ. ಸಡಿಲ ಬಿಟ್ರೆ ಸುಸ್ತಾಗಿ ಅಲ್ಲೇ ಬಿದ್ಕೊಳ್ಳುತ್ತೆ, ನಮ್ಮನೆಯವ್ರ ಥರ!"

ಇಲ್ಲಿ ರಕ್ಷಣೆಯ ಕನ್ನಡಕವಿಲ್ಲದೆ ಯಾರಿಗೂ ಪ್ರವೇಶವಿಲ್ಲ, ಚಹಾ ತರುವವನಿಗೂ. ಹಕ್ಕಿಯತ್ತಲೋ ಬೀದಿನಾಯಿಯತ್ತಲೋ ಕವಣೆ ಎತ್ತಿದವರು ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದು ಕೂಗಿನದು: "ಕೈ ಇಳ್ಸಿ!" ಅದು ಯಾರ ಬಾಯಿಂದ ಬಂದರೂ ಸರಿ, ಏಕೆ ಏನು ಎನ್ನದೆ ರಬ್ಬರ್ ಸಡಿಲಿಸಿ, ಕವಣೆಯನ್ನು ಮೇಜಿನ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ಗುರಿ ತಪ್ಪಿದರೆ ಮಾಫಿ ಉಂಟು, ಗುರು ಹೇಳಿದ್ದು ತಪ್ಪಿದರೆ ಇಲ್ಲ. ಈ ಕಟ್ಟಳೆ ತಂದ ಗುರು ಅಕ್ಕನೇ, ಅದಕ್ಕೇ ಅವರು ಎಲ್ಲರಿಗೂ ಕೈ ಇಳ್ಸಕ್ಕ. ಮನೆಯಲ್ಲೂ ಇದೇ ಕಾನೂನು. "ಸಕ್ಕರೆ ಡಬ್ಬಿಗೆ ಕೈ ಹಾಕಿರ್ತೀನಿ ಕಣ್ರೀ, ಒಳಗಿಂದ ಕೂಗು! ಗೋಡೆ ಆಚೆಗೂ ಕಾಣುತ್ತೆ ಅವ್ಳಿಗೆ" ಎಂದು ಯಜಮಾನರು ನಿಟ್ಟುಸಿರು ಬಿಡುತ್ತಾರೆ.

ಕಳೆದ ವಾರ ಈ ಮೈದಾನದ ಬುಡಕ್ಕೇ ನೀರು ಬಂದಿತ್ತು. ಕವಣೆಯೆಂದರೆ ಕಿಟಕಿ ಗಾಜು ಒಡೆಯುವ ಪುಂಡರ ಆಟವೆಂದು ಅಕ್ಕಪಕ್ಕದವರು ದೂರು ಕೊಟ್ಟು, ನಗರಸಭೆಯ ಅಧಿಕಾರಿ ನೋಡಲು ಬಂದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಜಾಗ ಕಾರು ನಿಲ್ಲಿಸಲು ಹೋಗುತ್ತದೆ. "ಅಕ್ಕ, ಇವತ್ತು ಮೊದಲ ಗುಂಡು ನಿಮ್ದೇ" ಎಂದರು ಕ್ಲಬ್ಬಿನವರೆಲ್ಲ. ಇಷ್ಟು ವರ್ಷ ಗುಂಡು ಆರಿಸಿದವರು ನಾಲ್ಕು ಜನರ ಮುಂದೆ ಒಂದನ್ನೂ ಹೊಡೆದವರಲ್ಲ.

ಕ್ಲಬ್ಬಿನಲ್ಲೊಬ್ಬ ಕ್ಷೌರಿಕನಿದ್ದಾನೆ. ಅವನ ಕತ್ತರಿಗಿಂತ ನಾಲಿಗೆ ಚುರುಕು. ಊರಿನ ಅರ್ಧ ಜನರ ದನಿ ಅವನ ಗಂಟಲಲ್ಲೇ ಬಾಡಿಗೆಗಿದೆ.

ಅಕ್ಕ ಹಿಂದೆ ಮುಂದೆ ನೋಡಿ, ಪಾದ ಊರಿ, ರಬ್ಬರನ್ನು ಕೆನ್ನೆಯವರೆಗೆ ಎಳೆದರು. ಅಷ್ಟರಲ್ಲಿ ಹಿಂಬದಿಯ ನೀರಿನ ಡ್ರಮ್ಮಿನ ಮರೆಯಿಂದ ಅವರದೇ ದನಿ: "ಕೈ ಇಳ್ಸೀ!"

ರಬ್ಬರ್ ಸಡಿಲವಾಯಿತು. ಕವಣೆ ಮೇಜಿಗೆ ಬಂತು. ಅಕ್ಕ ಒಂದು ಹೆಜ್ಜೆ ಹಿಂದೆ. ಚಹಾ ಲೋಟ ಎತ್ತಿದ್ದ ಅಧಿಕಾರಿಯ ಕೈಯೂ ತಾನಾಗಿ ಇಳಿಯಿತು.

"ಯಾರಮ್ಮ ಕೂಗಿದ್ದು?"

ಅಕ್ಕ ಸುತ್ತ ನೋಡಿದರು. "ನಾನೇ ಇರ್ಬೇಕು ಸಾರ್."

"ನೀವು ಬಾಯೇ ಬಿಟ್ಟಿಲ್ವಲ್ಲ!"

"ಯಾರಾದ್ರೇನು ಸಾರ್, ಮೊದ್ಲು ಇಳ್ಸ್ಬೇಕು. ಯಾರು ಅಂತ ಆಮೇಲೆ ವಿಚಾರ್ಸೋಣ."

ಅಧಿಕಾರಿ ಮೇಜಿನ ಮೇಲೆ ಸುಮ್ಮನೆ ಮಲಗಿದ್ದ ಕವಣೆಯನ್ನೇ ನೋಡಿದರು. "ನಮ್ಮ ಮನೇಲಿ ನಾನು ಗಂಟ್ಲು ಹರ್ಕೊಂಡ್ರೂ ಒಬ್ರೂ ಟೀವಿ ಆರ್ಸಲ್ಲ" ಎಂದರು. "ಜಾಗ ನಿಮ್ಗೇ ಇರ್ಲಿ ಬಿಡಿ."

ಡ್ರಮ್ಮಿನ ಹಿಂದೆ ಕಿಸಕ್ಕೆಂದಿತು. ಕ್ಷೌರಿಕ ಎರಡೂ ಕಿವಿ ಹಿಡಿದುಕೊಂಡು ಎದ್ದು ನಿಂತ. ಇವನ ಕಥೆ ಮುಗಿಯಿತೆಂದುಕೊಂಡರು ಎಲ್ಲರೂ.

"ಎಲಾ ಇವ್ನ! ನನ್ ದನಿ ಅಷ್ಟು ಒರಟಾ?"

"ಇಲ್ಲಕ್ಕ, ನಾನು ಸ್ವಲ್ಪ ಇಂಪು ಮಾಡ್ದೆ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕದೊಳಗೆ ಮಂಜು ಕಟ್ಟುವಷ್ಟು, ಬೆಂಚಿನ ಮೇಲೆ ಕುಸಿಯುವಷ್ಟು ನಕ್ಕರು. ಮಿಕ್ಕವರದೆಲ್ಲ ಮುಗಿದರೂ ಅವರದು ಮುಗಿಯಲಿಲ್ಲ.

"ಈಗಾದ್ರೂ ಹೊಡೀರಮ್ಮ" ಎಂದರು ಅಧಿಕಾರಿ.

"ಆಗಲ್ಲ ಸಾರ್, ನಕ್ಕು ನಕ್ಕು ಕೈ ನಡುಗ್ತಿದೆ. ನಡುಗೋ ಕೈಗೆ ಇಲ್ಲಿ ಕವಣೆ ಕೊಡಲ್ಲ" ಎಂದು ಅಕ್ಕ ಮತ್ತೆ ಶುರುಮಾಡಿದರು, ಗೋದಾಮಿನ ತಗಡು ಅದುರುವಂತೆ.